ನಾಲ್ಕನೇ ಮೇಜಿನ ಓರೆ

ಪೂಲ್ ಆಡಿಕೊಂಡು ಸಂಸಾರ ಸಾಗಿಸಬಹುದಾ ಎಂದು ಜನ ಆಟಗಾರರನ್ನು ಕೇಳುತ್ತಾರೆ. ಅಲ್ಲೇ ಎಡವುತ್ತಾರೆ. ಕೇಳಬೇಕಾದ್ದು ನನ್ನನ್ನು. ಮೂವತ್ತೆರಡು ವರ್ಷದಿಂದ ಪೂಲ್ ಮೇಜು ಕೂರಿಸುವುದೇ ನನ್ನ ಕೆಲಸ. ಮೂರು ತುಂಡು ಕಲ್ಲಿನ ಹಾಸು ಜೋಡಿಸಿ, ಸಂದಿಗೆ ಮೇಣ ತುಂಬಿ, ಮೇಲೆ ಬಟ್ಟೆ ಬಿಗಿದು, ರಸಮಟ್ಟ ಇಟ್ಟು ಸಮ ಇದೆಯಾ ಎಂದು ನೋಡಿ, ಚೆಂಡು ಎತ್ತ ಬಿಟ್ಟರೆ ಅತ್ತಲೇ ಹೋಗುವಂತೆ ಮಾಡಿಕೊಡುತ್ತೇನೆ. ಈ ಆಟದಿಂದ ಯಾರ್‍ಯಾರು ಉಣ್ಣುತ್ತಾರೆ ಎಂಬುದು ನನಗಿಂತ ಚೆನ್ನಾಗಿ ಇನ್ನಾರಿಗೂ ಗೊತ್ತಿಲ್ಲ. ಹಾಲ್ ಮಾಲೀಕ ಉಣ್ಣುತ್ತಾನೆ. ಮೇಜಿನ ಬಟ್ಟೆ ಮಾರುವವನು, ಚೆಂಡು ಹೊಡೆಯುವ ಕೋಲು ಮಾಡುವವನು, ಮೂಲೆಯಲ್ಲಿ ಕೂಲ್‌ಡ್ರಿಂಕ್ಸ್ ಇಟ್ಟುಕೊಂಡವನು, ನಾನು, ಎಲ್ಲರೂ ಉಣ್ಣುತ್ತೇವೆ. ನಾವೆಲ್ಲ ಕೈ ತೊಳೆದುಕೊಂಡ ಮೇಲೆ ಪಾತ್ರೆಯ ತಳದಲ್ಲಿ ಏನಾದರೂ ಅಂಟಿಕೊಂಡಿದ್ದರೆ ಅದು ಆಟಗಾರನ ಪಾಲು.

ಒಂದು ಸಲ ದೊಡ್ಡ ಕಪ್ ಗೆದ್ದವನೊಬ್ಬ ಮಾರನೇ ದಿನ ಬೆಳಗ್ಗೆ ನನ್ನ ವ್ಯಾನಿಗೆ ಕೈ ಅಡ್ಡ ಹಾಕಿದ. ಬಸ್ ನಿಲ್ದಾಣದವರೆಗೆ ಬಿಡಿ ಎಂದ. ಕಪ್ಪನ್ನು ಎರಡು ಮಂಡಿಯ ನಡುವೆ ಇಟ್ಟುಕೊಂಡು, ನನ್ನ ಡಬ್ಬಿಯಲ್ಲಿದ್ದ ಊಟದಲ್ಲಿ ಅರ್ಧ ಮುಗಿಸಿದ. ಬಹುಮಾನ ಎಲ್ಲಿ ಹೋಯಿತಪ್ಪಾ ಎಂದು ಕೇಳಿದೆ. ಪ್ರವೇಶ ಶುಲ್ಕ ಕೊಟ್ಟವನಿಗೆ ಅರ್ಧ, ಲಾಡ್ಜಿಗೆ ಇಷ್ಟು, ಹಿಂದಿನ ಮೂರು ಊರಿನಲ್ಲಿ ಸೋತದ್ದಕ್ಕೆ ಇಷ್ಟು ಎಂದು ಬೆರಳು ಮಡಿಸುತ್ತ ಹೋದ. ಬೆರಳು ಮುಗಿದವು, ಲೆಕ್ಕ ಮುಗಿಯಲಿಲ್ಲ. ಇಳಿಯುವಾಗ ಮುಖದ ತುಂಬ ನಕ್ಕು, ಮುಂದಿನ ತಿಂಗಳು ಇನ್ನೊಂದು ಪಂದ್ಯ ಇದೆ ಎಂದು ಹೇಳಿ ಹೋದ.

ಇಂಥವರಲ್ಲೇ ಒಬ್ಬನನ್ನು ನನ್ನ ಮಗಳು ಮೆಚ್ಚಿ ಮದುವೆಯಾದಳು. ಊರಲ್ಲಿ ಬೇರೆ ಗಂಡಸರೇ ಇರಲಿಲ್ಲವೇನೋ. ತಪ್ಪು ನನ್ನದೂ ಇದೆ ಅನ್ನಿ. ತಾಯಿ ಕೆಲಸಕ್ಕೆ ಹೋಗುತ್ತಿದ್ದಳೆಂದು ಚಿಕ್ಕಂದಿನಲ್ಲಿ ಅವಳನ್ನು ಹಾಲ್‌ಗಳಿಗೆ ಜೊತೆಗೆ ಕರೆದುಕೊಂಡು ಹೋಗುತ್ತಿದ್ದವನು ನಾನೇ.

ಹಾಲ್‌ಗಳಲ್ಲಿ ಅಳಿಯನನ್ನು ಹತ್ತಿ ಎಂದು ಕರೆಯುತ್ತಾರೆ. ಕೈ ಅಷ್ಟು ಮೆತ್ತಗೆ. ಬಿಳಿ ಚೆಂಡನ್ನು ಮುಟ್ಟಿದನೋ ಇಲ್ಲವೋ ಎಂಬಂತೆ ಮುಟ್ಟುತ್ತಾನೆ. ಅದು ಉಸಿರು ಬಿಗಿಹಿಡಿದುಕೊಂಡು ಉರುಳುತ್ತ ಹೋಗಿ, ಅವನಿಗೆ ಬೇಕಾದ ಜಾಗದಿಂದ ಒಂದು ಬೆರಳು ಆಚೀಚೆ ಆಗದಂತೆ ನಿಲ್ಲುತ್ತದೆ. ನೋಡಲು ಚೆಂದ, ಇಲ್ಲವೆನ್ನುವುದಿಲ್ಲ. ಆದರೆ ಚೆಂದವನ್ನು ಬಾಡಿಗೆಗೆ ಕೊಡಲು ಬರುವುದಿಲ್ಲವಲ್ಲ. ವಾರಕ್ಕೆ ಎರಡು ದಿನ ಕಲಿಯುವವರಿಗೆ ಪಾಠ ಹೇಳುತ್ತಿದ್ದ, ಹೊಸ ಹಾಲ್ ತೆರೆದ ದಿನ ನಾಲ್ಕು ಚಮತ್ಕಾರದ ಹೊಡೆತ ತೋರಿಸುತ್ತಿದ್ದ, ಉಳಿದ ದಿನ ಕೋಲಿನ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಬಸ್ಸಿನಲ್ಲಿರುತ್ತಿದ್ದ. ಮನೆ ನಡೆಸುತ್ತಿದ್ದವಳು ಮಗಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಬೆಳಗಿನಿಂದ ನಿಂತೇ ಕೆಲಸ. ಐದು ತಿಂಗಳ ಬಸುರಿ ಹಾಗೆ ನಿಂತಿರುವುದನ್ನು ಒಮ್ಮೆ ಕಿಟಕಿಯಿಂದ ನೋಡಿ ಬಂದವನಿಗೆ ಎರಡು ದಿನ ಊಟ ಸೇರಲಿಲ್ಲ.

ಹಾಗಾಗಿ ಒಂದು ಭಾನುವಾರ ಇಬ್ಬರನ್ನೂ ಮನೆಗೆ ಕರೆಸಿ, ಕೂರಿಸಿಕೊಂಡು, ನೇರವಾಗಿಯೇ ಮಾತು ತೆಗೆದೆ. ನನಗೆ ಗೊತ್ತಿದ್ದ ಟೈಲ್ಸ್ ಗೋದಾಮಿನಲ್ಲಿ ಸ್ಟೋರ್ ಕೀಪರ್ ಕೆಲಸ ಖಾಲಿ ಇತ್ತು. ತಿಂಗಳ ಸಂಬಳ, ವಾರದ ರಜೆ, ಆಸ್ಪತ್ರೆ ಖರ್ಚು ಕೊಡುತ್ತಾರೆ. ನಾನು ಬಾಯಿಗೆ ಬಂದದ್ದನ್ನೆಲ್ಲ ಆಡಿದೆ. ಹೆಂಡತಿ ದುಡಿದು ಹಾಕಿದ್ದನ್ನು ತಿನ್ನುವವನು, ಕೋಲು ಹಿಡಿದ ಸೋಮಾರಿ ಎಂದೆಲ್ಲ ಅಂದೆ. ನನ್ನ ಹೆಂಡತಿ ಸುಮ್ಮನಿರಿ ಎಂದು ಎರಡು ಸಲ ಕಣ್ಣಲ್ಲೇ ಗದರಿದಳು. ಅಳಿಯ ತಲೆ ಎತ್ತದೆ ಎಲ್ಲ ಕೇಳಿಸಿಕೊಂಡ. ಆಮೇಲೆ, ಮುಂದಿನ ತಿಂಗಳು ಇಲ್ಲೇ ನಡೆಯುವ ಅರ್ಹತಾ ಪಂದ್ಯದ ವಿಷಯ ಹೇಳಿದ. ಅದರಲ್ಲಿ ಮೊದಲ ಎಂಟು ಸ್ಥಾನಕ್ಕೆ ಬಂದವರನ್ನು ಒಂದು ವರ್ಷ ಪೂಲ್ ಸಂಘವೇ ಎಲ್ಲ ಊರುಗಳಿಗೂ ಕಳಿಸುತ್ತದೆ. ಓಡಾಟ, ಲಾಡ್ಜು, ಪ್ರವೇಶ ಎಲ್ಲ ಅವರದೇ, ಮೇಲೆ ತಿಂಗಳಿಗೆ ಸಂಬಳ ಬೇರೆ.

"ಈ ಸಲ ಎಂಟರೊಳಗೆ ಬರದಿದ್ರೆ ಕೋಲು ಕಟ್ಟಿಟ್ಟುಬಿಡ್ತೀನಿ ಮಾವ. ನೀವು ಹೇಳಿದ ಕೆಲಸಕ್ಕೆ ಮಾರನೇ ದಿನವೇ ಸೇರ್ತೀನಿ" ಎಂದ.

ಮಗಳು ಅವನ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಆಗಲಿ ಎಂದಳು. ಗೋದಾಮಿನವರಿಗೆ ಒಂದು ತಿಂಗಳು ಕಾಯುವಂತೆ ಕೈಮುಗಿದು ಹೇಳಿ ಬಂದೆ.

ಈಗ ನನ್ನ ಭಯ ಏನೆಂದು ಹೇಳಿಬಿಡುತ್ತೇನೆ. ಅವನು ಸೋಲುತ್ತಾನೆ ಎಂಬ ಭಯ ನನಗಿರಲಿಲ್ಲ, ಗೆದ್ದುಬಿಟ್ಟರೆ ಎಂಬ ಭಯ. ಸೋತವನನ್ನು ಮನೆಗೆ ಕರೆತರಬಹುದು. ಅಲ್ಲೊಂದು ಇಲ್ಲೊಂದು ಗೆಲ್ಲುವವನನ್ನು ಬ್ರಹ್ಮ ಬಂದರೂ ಕರೆತರಲಾರ. ಸಂಘ ಒಂದು ವರ್ಷ ಸಾಕಿ, ಆಮೇಲೆ ಕೈಬಿಡುತ್ತದೆ. ಆ ಒಂದು ವರ್ಷದ ರುಚಿ ಹತ್ತಿದವರು ಹದಿನೈದು ವರ್ಷ ಹಾಲ್‌ಗಳ ಬಾಗಿಲಲ್ಲಿ ನಿಂತಿರುವುದನ್ನು ನಾನು ಕಂಡಿದ್ದೇನೆ.

ಪಂದ್ಯಕ್ಕೆ ಮೇಜು ಕೂರಿಸುವ ಕೆಲಸ ಎಂದಿನಂತೆ ನನ್ನದೇ. ಮೊದಲ ಎರಡು ದಿನ ಹತ್ತಿ ಒಬ್ಬೊಬ್ಬರನ್ನೇ ಮಟ್ಟ ಹಾಕುತ್ತ ಕೊನೆಯ ಹದಿನಾರರೊಳಗೆ ಬಂದ. ಇನ್ನೊಂದು ಗೆದ್ದರೆ ಎಂಟು. ಸಂಜೆ ಪಂದ್ಯದ ನಿರ್ದೇಶಕರು ಮಾರನೇ ದಿನದ ಪಟ್ಟಿಯನ್ನು ನನ್ನ ಕೈಗೆ ಕೊಟ್ಟರು, ಬೆಳಗ್ಗೆ ಆಟಕ್ಕೆ ಮೊದಲು ನಾನು ಮೇಜುಗಳನ್ನು ಪರೀಕ್ಷಿಸಿ ಸಹಿ ಹಾಕಬೇಕಲ್ಲ. ನಾಲ್ಕನೇ ಮೇಜು, ಒಂಬತ್ತು ಗಂಟೆ, ಹತ್ತಿ ಮತ್ತು ಲಾರಿಯವನು. ಈ ಲಾರಿಯವನು ಹಿಂದೆ ಲಾರಿ ಓಡಿಸುತ್ತಿದ್ದವನು. ಮೂಟೆ ಎಸೆದ ಹಾಗೆ ಚೆಂಡು ಹೊಡೆಯುತ್ತಾನೆ. ಅವನ ಚೆಂಡು ಬಟ್ಟೆಯ ಮೇಲೆ ಉರುಳುವುದೇ ಇಲ್ಲ, ಹಾರುತ್ತದೆ.

ಆ ಪಟ್ಟಿ ನೋಡಿದಾಗಲೇ ನನ್ನ ತಲೆಗೆ ಆ ಯೋಚನೆ ಬಂತು. ಬಂದದ್ದು ಹೋಗಲಿಲ್ಲ.

ಬೆಳಗ್ಗೆ ಎಂಟಕ್ಕೆ ಹಾಲ್‌ನಲ್ಲಿ ನಾನು ಮತ್ತು ದೂರದಲ್ಲಿ ನೆಲ ಒರೆಸುತ್ತಿದ್ದ ಹೆಂಗಸು, ಇಬ್ಬರೇ. ಒಂದು, ಎರಡು, ಮೂರನೇ ಮೇಜು ನೋಡಿದೆ, ಸರಿ ಇದ್ದವು. ನಾಲ್ಕನೆಯದೂ ಸರಿಯಾಗಿಯೇ ಇತ್ತು. ಮೇಜಿನ ಪ್ರತಿ ಕಾಲಿನ ತಳದಲ್ಲೂ ಎತ್ತರ ಹೊಂದಿಸಲು ಒಂದು ತಿರುಪು ಇರುತ್ತದೆ. ಮಂಡಿಯೂರಿ ಕೂತು, ಸ್ಪ್ಯಾನರ್ ಹಾಕಿ, ಒಂದು ಮೂಲೆಯ ತಿರುಪನ್ನು ಅರ್ಧ ಸುತ್ತು ಇಳಿಸಿದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಜೋರಾಗಿ ಹೊಡೆದ ಚೆಂಡಿಗೆ ಗೊತ್ತೇ ಆಗುವುದಿಲ್ಲ. ಆದರೆ ಮೆಲ್ಲಗೆ ಬಿಟ್ಟ ಚೆಂಡು ನಿಲ್ಲುವ ಹೊತ್ತಿಗೆ ಆ ಮೂಲೆಯತ್ತ ವಾಲುತ್ತದೆ. ಎದ್ದು ನಿಂತು ಪುಸ್ತಕದಲ್ಲಿ ನಾಲ್ಕನೇ ಮೇಜಿನ ಮುಂದೆ 'ಸಮ' ಎಂದು ಬರೆದು ಸಹಿ ಹಾಕಿದೆ. ಮೂವತ್ತೆರಡು ವರ್ಷದಲ್ಲಿ ಹಾಕಿದ ಮೊದಲ ಸುಳ್ಳು ಸಹಿ. ಮಗಳಿಗೋಸ್ಕರ ತಾನೇ ಎಂದುಕೊಂಡೆ.

ನಾನು ಮಾಡಿದ ಪೆದ್ದುತನ ಏನೆಂದರೆ, ಓರೆಯಿಂದ ಮೆತ್ತಗಿನ ಕೈಯವನಿಗೆ ತೊಂದರೆ ಎಂದು ಯೋಚಿಸಿದೆನೇ ಹೊರತು, ಓರೆ ಮೊದಲು ಗೊತ್ತಾಗುವುದೂ ಮೆತ್ತಗಿನ ಕೈಯವನಿಗೇ ಎಂಬುದು ಹೊಳೆಯಲೇ ಇಲ್ಲ. ನನ್ನ ಕಸುಬಿನವನು ಮರೆಯಬಾರದ ಮಾತು ಅದು.

ಆಟಕ್ಕೆ ಮೊದಲು ಇಬ್ಬರಿಗೂ ಐದೈದು ನಿಮಿಷ ಅಭ್ಯಾಸಕ್ಕೆ ಬಿಡುತ್ತಾರೆ. ಲಾರಿಯವನು ತನ್ನ ಐದು ನಿಮಿಷವನ್ನು ಧಡಧಡ ಬಾರಿಸಿ ಕಳೆದ. ಹತ್ತಿ ಬಂದ. ಬಿಳಿ ಚೆಂಡನ್ನು ಈ ತುದಿಯಿಂದ ಆ ತುದಿಗೆ ಮೆಲ್ಲಗೆ ಬಿಟ್ಟ. ಅದು ನಿಲ್ಲುವ ಮುಂಚೆ ಒಂದು ಚೆಂಡಿನಷ್ಟು ಪಕ್ಕಕ್ಕೆ ಸರಿಯಿತು. ಅವನು ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಬಿಟ್ಟ. ಮತ್ತೆ ಅಷ್ಟೇ ಸರಿಯಿತು. ಆಮೇಲೆ ತಲೆ ಎತ್ತಿದ. ಪಕ್ಕದಲ್ಲಿದ್ದ ರೆಫರಿಯ ಕಡೆ ನೋಡಲಿಲ್ಲ. ಗೋಡೆಗೆ ಒರಗಿ, ಸಾಮಾನಿನ ಚೀಲ ಕಾಲಬುಡದಲ್ಲಿ ಇಟ್ಟುಕೊಂಡು ನಿಂತಿದ್ದ ನನ್ನನ್ನು ನೋಡಿದ.

ಮೇಜಿನ ಮೇಲೆ ಅನುಮಾನ ಬಂದರೆ ಆಟಗಾರ ಕೈ ಎತ್ತಬಹುದು, ಅದು ನಿಯಮ. ಕೈ ಎತ್ತಿದರೆ ಮೇಜಿನವನು ಬಂದು ಎಲ್ಲರೆದುರು ರಸಮಟ್ಟ ಇಡಬೇಕು. ನನ್ನ ಸಹಿಗೆ ಇನ್ನೂ ಒಂದು ಗಂಟೆ ವಯಸ್ಸಾಗಿರಲಿಲ್ಲ. ಉಳಿದ ಮೇಜುಗಳೆಲ್ಲ ಸರಿಯಿದ್ದು ಇದೊಂದೇ ಓರೆಯೆಂದರೆ, ನೆಲ ಕುಸಿಯಿತು ಎಂಬ ಕಥೆಯನ್ನು ಯಾರೂ ನಂಬುತ್ತಿರಲಿಲ್ಲ. ಎತ್ತು, ಎತ್ತಿ ನಿನ್ನ ಬುದ್ಧಿ ತೋರಿಸು ಎಂದು ಮನಸ್ಸಿನಲ್ಲೇ ಹಲ್ಲು ಕಡಿದೆ. ಅವನು ಕೈ ಎತ್ತಲಿಲ್ಲ. ಕೋಲಿನ ತುದಿಗೆ ಚಾಕ್ ಉಜ್ಜಿಕೊಂಡು, ಆಗಬಹುದು ಎಂದು ರೆಫರಿಗೆ ತಲೆ ಆಡಿಸಿದ.

ಒಂಬತ್ತು ಆಟ ಮೊದಲು ಗೆದ್ದವನಿಗೆ ಜಯ. ಮೊದಲ ನಾಲ್ಕನ್ನು ಲಾರಿಯವನು ಬಾಚಿಕೊಂಡ. ಹತ್ತಿಯ ಬಿಳಿ ಚೆಂಡು ಪ್ರತಿ ಸಲವೂ ಬೇಡದ ಕಡೆ ಹೋಗಿ ನಿಂತಿತು. ಆಮೇಲೆ ನೋಡುತ್ತೇನೆ, ಇವನು ಓರೆಗೆ ತಕ್ಕಂತೆ ಗುರಿ ಬದಲಿಸತೊಡಗಿದ್ದಾನೆ. ಎಷ್ಟು ವಾಲುತ್ತದೆ ಎಂದು ಅಳೆದುಕೊಂಡು ಅಷ್ಟೇ ಆಚೆಗೆ ಬಿಡುತ್ತಿದ್ದ. ಅವನ ಗೆಲುವು ಐದಾಯಿತು, ಆರಾಯಿತು, ಏಳಾಯಿತು. ಜನ ಬೇರೆ ಮೇಜುಗಳನ್ನು ಬಿಟ್ಟು ಇಲ್ಲಿ ಬಂದು ಸೇರಿದರು. ಎಂಟಕ್ಕೆ ಎಂಟಾಯಿತು. ನನಗೆ ಅವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಇಷ್ಟು ಚೆನ್ನಾಗಿ ಆಡುವ ಅಗತ್ಯ ಏನಿತ್ತು ಇವನಿಗೆ ಎನಿಸಿತು.

ಕೊನೆಯ ಆಟದಲ್ಲಿ ಒಂಬತ್ತು ಚೆಂಡಿನ ಪೈಕಿ ಏಳು, ಎಂಟು, ಒಂಬತ್ತು ಈ ಮೂರೇ ಉಳಿದಿದ್ದಾಗ ಹತ್ತಿಯ ಸರದಿ. ಏಳನೇ ಚೆಂಡನ್ನು ಸರಿಯಾಗಿ ಆ ತಗ್ಗಿನ ಮೂಲೆಯ ಪಕ್ಕದಿಂದ ಮೆಲ್ಲಗೆ ಬಿಡಬೇಕಿತ್ತು. ಬಗ್ಗಿದವನು ಎದ್ದ. ಮತ್ತೆ ಬಗ್ಗಿದ. ಉರುಳಿಸಲು ಧೈರ್ಯ ಸಾಲದೆ, ಜೀವಮಾನದಲ್ಲಿ ಹೊಡೆಯದವನು ಅಂದು ಜೋರಾಗಿ ಹೊಡೆದ. ಏಳನೆಯದು ಕುಳಿಗೆ ಬಿತ್ತು, ಬಿಳಿಯದೂ ಅದರ ಹಿಂದೆಯೇ ಹೋಗಿ ಬಿತ್ತು. ಬಿಳಿ ಬಿದ್ದರೆ ಸರದಿ ಎದುರಾಳಿಗೆ. ಲಾರಿಯವನು ಎದ್ದು ಬಂದು ಉಳಿದದ್ದನ್ನು ಮುಗಿಸಿದ. ಹತ್ತಿ ಅವನ ಕೈ ಕುಲುಕಿ, ಕೋಲನ್ನು ಎರಡು ತುಂಡು ಬಿಚ್ಚಿ ಪೆಟ್ಟಿಗೆಗೆ ಹಾಕಿಕೊಂಡು, ನನ್ನ ಮುಂದೆಯೇ ಹಾದು ಹೋದ. ಜೋರಾಗಿ ಹೊಡೆದದ್ದು ಅವನು, ಮೇಜು ಹೊಡೆಯಿತೇ ಎಂದು ನನಗೆ ನಾನೇ ವಾದಿಸಿಕೊಂಡೆ. ಮಧ್ಯಾಹ್ನದ ವಿರಾಮದಲ್ಲಿ ತಿರುಪನ್ನು ಅರ್ಧ ಸುತ್ತು ಏರಿಸಿ ಮೊದಲಿನಂತೆ ಮಾಡಿಟ್ಟೆ.

ಸೋಮವಾರ ಅವನು ಗೋದಾಮಿಗೆ ಸೇರಿದ. ಕೊಟ್ಟ ಮಾತು ಉಳಿಸಿಕೊಂಡ, ಅದನ್ನು ಒಪ್ಪಬೇಕು. ನಾನು ಸಿಕ್ಕಸಿಕ್ಕವರಿಗೆಲ್ಲ ಅಳಿಯನಿಗೆ ಒಳ್ಳೆ ಕೆಲಸ ಆಯಿತು ಎಂದು ಹೇಳಿಕೊಂಡು ತಿರುಗಿದೆ. ಎರಡನೇ ವಾರ ಮಗಳ ಮನೆಗೆ ಹೋದಾಗ ಅವನು ಊಟಕ್ಕೆ ಕೂತಿದ್ದ. ಟೈಲ್ಸಿನ ಅಂಚು ಕುಯ್ದು ಬಲಗೈಯ ಮೂರು ಬೆರಳಿಗೆ ಪಟ್ಟಿ ಸುತ್ತಿತ್ತು. ಸ್ಟೋರ್ ಕೀಪರ್ ಎಂದು ಕರೆದು ಪೆಟ್ಟಿಗೆ ಹೊರಿಸುತ್ತಿದ್ದಾರೆ ಎಂದು ಮಗಳು ಹೇಳಿದಳು. ಹೊಸದರಲ್ಲಿ ಎಲ್ಲ ಕಡೆ ಹಾಗೇ ಎಂದು ನಾನು ಸಮಾಧಾನ ಹೇಳಿದೆ. ಅವನು ಚಮಚ ಎಡಗೈಗೆ ಬದಲಿಸಿಕೊಂಡು ಸುಮ್ಮನೆ ಊಟ ಮಾಡಿದ.

ಮೂರನೇ ವಾರ ಮಗಳು ಒಬ್ಬಳೇ ಬಂದಳು. ತಾಯಿ ಕೊಟ್ಟ ನೀರನ್ನೂ ಮುಟ್ಟಲಿಲ್ಲ. ಸಂಘದವರು ಆಟಗಳ ವಿಡಿಯೋ ಹಾಕಿದ್ದರಂತೆ. ಫೋನನ್ನು ನನ್ನ ಮುಂದೆ ಹಿಡಿದು, ಅಭ್ಯಾಸದಲ್ಲಿ ಹತ್ತಿ ಬಿಟ್ಟ ಆ ಎರಡು ಚೆಂಡುಗಳನ್ನು ತೋರಿಸಿದಳು. ಚಿಕ್ಕವಳಿದ್ದಾಗ ಮೇಜಿನ ಅಡಿಯಲ್ಲಿ ಮಲಗಿ, ನಾನು ಮೇಲಿನಿಂದ ಸಾಕು, ಇನ್ನು ಸ್ವಲ್ಪ ಎಂದಂತೆ ತಿರುಪು ತಿರುಗಿಸುತ್ತಿದ್ದವಳು ಇವಳು. ಇವಳಿಗೆ ಏನು ಕಥೆ ಹೇಳುವುದು? ಆದರೂ ಹೇಳಿದೆ. ಹಳೆ ಕಟ್ಟಡ, ನೆಲ ಕುಸಿದಿರಬೇಕು ಎಂದೆ.

"ಅಪ್ಪ, ಅರ್ಧ ಸುತ್ತು ಅದು. ನೆಲ ಅಷ್ಟು ಲೆಕ್ಕವಾಗಿ ಕುಸಿಯಲ್ಲ" ಎಂದಳು.

ಆಗ ನನಗೂ ರೇಗಿತು. ಹೌದು, ನಾನೇ ಮಾಡಿದ್ದು, ನಿನಗೋಸ್ಕರ ಮಾಡಿದ್ದು, ಹುಟ್ಟುವ ಮಗುವಿಗೋಸ್ಕರ ಮಾಡಿದ್ದು ಎಂದು ಕೂಗಾಡಿದೆ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಮಗಳು ಕೂಗಲಿಲ್ಲ. ಕೂಗಿದ್ದರೆ ಎಷ್ಟೋ ವಾಸಿಯಿತ್ತು.

"ಅವರಿಗೆ ಅವತ್ತೇ ಗೊತ್ತಿತ್ತು. ನಾನು ಈ ವಿಡಿಯೋ ಹಿಡ್ಕೊಂಡು ಜಗಳ ಆಡಿದ್ಮೇಲೆ ನಿನ್ನೆ ಬಾಯಿ ಬಿಟ್ರು. ಯಾಕೆ ಕೈ ಎತ್ತಲಿಲ್ಲ ಅಂದೆ. ಎತ್ತಿದ್ರೆ ನಿಮ್ಮಪ್ಪನ ಹೊಟ್ಟೆ ಮೇಲೆ ಹೊಡೆದ ಹಾಗಾಗ್ತಿತ್ತು, ಈ ವಯಸ್ಸಲ್ಲಿ ಅವರು ಎಲ್ಲಿಗೆ ಹೋಗ್ತಾರೆ ಅಂದ್ರು. ನೀನು ಅವರ ಹೊಟ್ಟೆ ಮೇಲೆ ಹೊಡೆಯೋಕೆ ಒಂದು ನಿಮಿಷ ಯೋಚನೆ ಮಾಡಿದ್ಯಾ ಅಪ್ಪ?"

ಅವಳು ಮುಂದುವರಿಸಿದಳು. ಪೂಲ್ ಆಡುವವರು ಮರ್ಯಾದೆಯಾಗಿ ಬದುಕಲು ಆಗುವುದಿಲ್ಲ ಎಂದು ನೀನು ಊರಿಗೆಲ್ಲ ಹೇಳಿಕೊಂಡು ಬರುತ್ತೀಯ, ನಿನ್ನದು ಯಾವ ಮರ್ಯಾದೆಯ ದುಡಿಮೆ ಎಂದು ಕೇಳಿದಳು. ನಾಳೆ ಹೋಗಿ ನಿರ್ದೇಶಕರಿಗೆ ನಿಜ ಹೇಳು ಎಂದಳು. ಹೇಳಿದರೆ ನನ್ನ ಗತಿ ಏನು ಎಂದು ನಾನು ಕೇಳಿದೆ.

"ಟೈಲ್ಸ್ ಗೋದಾಮಿದೆಯಲ್ಲ. ತಿಂಗಳ ಸಂಬಳ, ವಾರದ ರಜೆ."

ಅಷ್ಟು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಳು. ನಾನು ಪಶ್ಚಾತ್ತಾಪದಿಂದ ನಿರ್ದೇಶಕರ ಹತ್ತಿರ ಹೋದೆ ಎಂದು ಯಾರೂ ತಿಳಿಯಬೇಡಿ. ಪಿತ್ತ ನೆತ್ತಿಗೇರಿ ಹೋದೆ. ಹೊಟ್ಟೆಯಲ್ಲಿ ಹುಟ್ಟಿದ ಮಗಳೇ ಹೀಗಂದ ಮೇಲೆ ಯಾರಿಗೆ ಬೇಕು ಈ ಕೆಲಸ, ಇವಳಿಗೂ ಇವಳ ಗಂಡನಿಗೂ ಒಮ್ಮೆ ತೋರಿಸಿಯೇ ಬಿಡುತ್ತೇನೆ ಎಂಬ ಹಟ. ಬೆಳಗ್ಗೆ ಹತ್ತಕ್ಕೆ ನಿರ್ದೇಶಕರ ಕೋಣೆಗೆ ಹೋಗಿ, ಕೂರಿ ಎಂದರೂ ಕೂರದೆ, ನಿಂತೇ ಹೇಳಿದೆ. ನಾಲ್ಕನೇ ಮೇಜು ಓರೆ ಮಾಡಿದ್ದು ನಾನು, ನನ್ನ ಅಳಿಯ ಸೋಲಲಿ ಎಂದು ಮಾಡಿದೆ, ಪುಸ್ತಕದಲ್ಲಿರುವ ಸಹಿ ಸುಳ್ಳು.

ಇಪ್ಪತ್ತು ವರ್ಷದ ಪರಿಚಯ ನಮ್ಮದು. ಮತ್ತೆ ಆಡಿಸುತ್ತೀರಾ ಎಂದು ನಾನೇ ಕೇಳಿದೆ. ಎಂಟು ಜನರ ಒಪ್ಪಂದಕ್ಕೆ ಸಹಿ ಆಗಿ, ಮೊದಲ ಊರಿಗೆ ಹೋಗಿಯೂ ಆಯಿತು, ಲಾರಿಯವನು ಏನೂ ತಪ್ಪು ಮಾಡಿಲ್ಲ, ಅವನನ್ನು ಯಾವ ಬಾಯಿಂದ ವಾಪಸ್ ಕರೆಸಲಿ ಎಂದರು. ದೂರು ಕೊಡಬೇಕಿದ್ದವನು ಮೇಜಿನ ಹತ್ತಿರವೇ ಕೈ ಎತ್ತಬೇಕಿತ್ತು, ಎತ್ತಲಿಲ್ಲ, ಅಲ್ಲಿಗೆ ಮುಗಿಯಿತು ಎಂದರು. ಆಮೇಲೆ ನನ್ನ ಮುಖ ನೋಡದೆ, ಇನ್ನು ಮೇಲೆ ನಮ್ಮ ಕಡೆ ಬರಬೇಡಿ ಎಂದರು. ಸಂಜೆಯೊಳಗೆ ಊರಿನ ಹಾಲ್‌ಗಳಿಗೆಲ್ಲ ಸುದ್ದಿ ಮುಟ್ಟಿತು. ಮುಂದಿನ ವಾರ ಬಟ್ಟೆ ಬದಲಿಸಬೇಕಿದ್ದ ಎರಡು ಕಡೆಯವರು ಫೋನ್ ಮಾಡಿ ಬೇಡ ಎಂದರು.

ಆರು ಗಂಟೆಗೆ ಅಳಿಯ ಬಂದ. ಗೋದಾಮಿನಿಂದ ನೇರ ಬಂದಿದ್ದ. ತಲೆಗೂದಲು, ರೆಪ್ಪೆ ಎಲ್ಲ ಬಿಳಿ ಪುಡಿ. ಮಗಳು ಹೇಳಿರಬೇಕು, ಇಲ್ಲವೇ ಯಾವುದೋ ಹಾಲ್‌ನವರು. ನಾನು ಮನಸ್ಸಿನಲ್ಲೇ ತಯಾರಾಗಿದ್ದೆ. ಅಂತೂ ನಿಜ ಹೇಳಿದ್ದಕ್ಕೆ ಕಾಲಿಗೆ ಬೀಳದಿದ್ದರೂ ಒಂದು ಒಳ್ಳೆ ಮಾತಾದರೂ ಆಡುತ್ತಾನೆ ಎಂದುಕೊಂಡಿದ್ದೆ. ಅವನು ಒಳಗೆ ಬರಲಿಲ್ಲ. ಹೊಸಿಲಾಚೆಯೇ ನಿಂತ. ಅವನ ಮುಖದಲ್ಲಿ ಅಂಥ ಸಿಟ್ಟನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

"ಯಾರು ಕೇಳಿದ್ರು ಮಾವ ನಿಮ್ಮನ್ನ?" ಎಂದ. "ಏಳನೇ ಚೆಂಡು ಹೊಡೆಯೋ ಮುಂಚೆ ಎರಡು ಸಲ ಬಗ್ಗಿ ಎದ್ದೆನಲ್ಲ, ಆಗಲೂ ಕೈ ಎತ್ತಬಹುದಿತ್ತು. ಆಟ ಹೋದ್ರೆ ಹೋಗಲಿ, ಮನೇಲಿ ಒಬ್ಬರ ಕೆಲಸ ಆದ್ರೂ ಉಳೀಲಿ ಅಂತ ಬಿಟ್ಟೆ. ಅವತ್ತು ನಾನು ಉಳಿಸಿದ್ದು ಅದೊಂದೇ. ಅದನ್ನೂ ಕಳೆದು ಬಂದ್ರಲ್ಲ."

ನನ್ನ ಹೆಂಡತಿ ಹಿಂದಿನಿಂದ, ಒಳಗೆ ಬನ್ನಿ, ಟೀ ಆದರೂ ಕುಡಿದು ಹೋಗಿ ಎಂದು ಕರೆದಳು. ನಾಳೆ ಬೆಳಗ್ಗೆ ಲೋಡ್ ಬರುತ್ತದೆ ಅತ್ತೆ, ಬೇಗ ಏಳಬೇಕು ಎಂದು ಅವಳಿಗೆ ಮೆತ್ತಗೆ ಉತ್ತರ ಕೊಟ್ಟ. ನನ್ನ ಕಡೆ ನೋಡಲೇ ಇಲ್ಲ. ಮೆಟ್ಟಿಲಿಳಿದು ಗೇಟಿನ ಚಿಲಕ ಹಾಕಿಕೊಂಡು ಹೋದ.